ನ್ಯೂಟ್ರಿಯೆಂಟ್ ಅಗಾರ್ ಒಂದೇ ಯಾಕೆ ಸಾಲದು?

"ನ್ಯೂಟ್ರಿಯೆಂಟ್ ಅಗಾರ್‌ನಲ್ಲಿ ಬೇಕಾದಷ್ಟು ಆಹಾರ ಇದೆಯಲ್ಲ, ಮತ್ತೆ ಇಷ್ಟೊಂದು ಬಗೆಯ ಮೀಡಿಯಾ ಯಾಕೆ? ಪ್ಲೇಟ್ ಮೇಲೆ ಏನೂ ಬೆಳೆಯದಿದ್ದರೆ ಬ್ಯಾಕ್ಟೀರಿಯಾ ಇಲ್ಲ ಅಂತ ಅಲ್ವಾ?" ಅಂತ ಕೇಳಿದ್ದೀರಿ. ನಾನು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಕೊಡುವ ಆಹಾರವೇ ಮೀಡಿಯಾ. ಅದನ್ನು ಅಗಾರ್ ಎಂಬ ಜೆಲ್ಲಿಯಂಥ ವಸ್ತುವಿನಿಂದ ಗಟ್ಟಿ ಮಾಡಿ ಪ್ಲೇಟ್‌ಗೆ ಹಾಕುತ್ತೇವೆ. ಅದರಲ್ಲಿ ತೀರಾ ಸಾಮಾನ್ಯವಾದದ್ದು ನ್ಯೂಟ್ರಿಯೆಂಟ್ ಅಗಾರ್. ಎರಡನೆಯ ಪ್ರಶ್ನೆಗೆ ನನ್ನ ಉತ್ತರ: "ಅಲ್ಲ, ಹಾಗೇನಿಲ್ಲ." ಯಾಕೆ ಅಂತ ಹೇಳ್ತೀನಿ.

ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾಗೆ ಗ್ಲೂಕೋಸ್ ಮತ್ತು ಒಂದಷ್ಟು ಲವಣ ಕೊಟ್ಟರೆ ಸಾಕು. ಅಮೈನೋ ಆಮ್ಲ, ವಿಟಮಿನ್ ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ. ಹೀಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾ ಹಾಗಲ್ಲ. ಅದಕ್ಕೆ ಹೀಮಿನ್ (ಕಬ್ಬಿಣ ಇರುವ ಒಂದು ವಸ್ತು) ಮತ್ತು ಎನ್‌ಎಡಿ (ಜೀವಕೋಶದ ಕಿಣ್ವಗಳಿಗೆ ನೆರವಾಗುವ ಅಣು) ಎರಡೂ ಹೊರಗಿನಿಂದಲೇ ಸಿಗಬೇಕು. ನ್ಯೂಟ್ರಿಯೆಂಟ್ ಅಗಾರ್‌ನಲ್ಲಿ ಇವು ಸಿಗುವುದಿಲ್ಲ. ರಕ್ತದಲ್ಲಿ ಎರಡೂ ಇವೆ, ಆದರೂ ಕುರಿರಕ್ತದ ಬ್ಲಡ್ ಅಗಾರ್ ಮೇಲೆ ಅದು ಸರಿಯಾಗಿ ಬೆಳೆಯುವುದಿಲ್ಲ. ಎನ್‌ಎಡಿ ಕೆಂಪು ರಕ್ತಕಣದ ಒಳಗೇ ಉಳಿದಿರುತ್ತದೆ. ಹೊರಗೆ ಬಂದಷ್ಟನ್ನೂ ರಕ್ತದ ಕಿಣ್ವಗಳು ಒಡೆದು ಹಾಕುತ್ತವೆ. ಅದೇ ರಕ್ತವನ್ನು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಕಣಗಳು ಒಡೆಯುತ್ತವೆ, ಆ ಕಿಣ್ವಗಳೂ ಕೆಲಸ ನಿಲ್ಲಿಸುತ್ತವೆ. ಕಂದು ಬಣ್ಣಕ್ಕೆ ತಿರುಗುವ ಈ ಮೀಡಿಯಾನೇ ಚಾಕೊಲೇಟ್ ಅಗಾರ್.

ಇದನ್ನು ಕಣ್ಣಾರೆ ನೋಡಬೇಕಾ? ಬ್ಲಡ್ ಅಗಾರ್ ತುಂಬ ಹೀಮೋಫಿಲಸ್ ಹರಡಿ, ನಡುವೆ ಸ್ಟ್ಯಾಫಿಲೋಕಾಕಸ್ ಆರಿಯಸ್‌ನ ಒಂದು ಗೆರೆ ಎಳೆಯಿರಿ. ಮರುದಿನ ಆ ಗೆರೆಯ ಪಕ್ಕದಲ್ಲಿ ಮಾತ್ರ ಸಣ್ಣ ಸಣ್ಣ ಹನಿಯಂಥ ಹೀಮೋಫಿಲಸ್ ಕಾಲೊನಿಗಳು (ಬ್ಯಾಕ್ಟೀರಿಯಾದ ಗುಂಪುಗಳು) ಎದ್ದಿರುತ್ತವೆ. ಗೆರೆಯಿಂದ ದೂರ ಹೋದಂತೆ ಪ್ಲೇಟ್ ಖಾಲಿ. ಸ್ಟ್ಯಾಫಿಲೋಕಾಕಸ್ ಎನ್‌ಎಡಿಯನ್ನು ಹೊರಬಿಡುತ್ತದೆ, ಜೊತೆಗೆ ಸುತ್ತಲಿನ ರಕ್ತಕಣಗಳನ್ನೂ ಒಡೆಯುತ್ತದೆ. ಹೀಮೋಫಿಲಸ್ ಅದರ ಆಸರೆಯಲ್ಲಿ ಬದುಕುತ್ತದೆ. ಎಷ್ಟು ಸಲ ನೋಡಿದರೂ ನನಗೆ ಖುಷಿ ಕೊಡುವ ಪ್ಲೇಟ್ ಇದು.

ಕೆಲವು ಮೀಡಿಯಾಗಳ ಕೆಲಸ ಇದಕ್ಕೆ ಉಲ್ಟಾ, ಬೇಡದ್ದನ್ನು ತಡೆಯುವುದು. ಮ್ಯಾಕ್‌ಕಾಂಕಿ ಅಗಾರ್‌ನ ಪಿತ್ತಲವಣ ಮತ್ತು ಕ್ರಿಸ್ಟಲ್ ವಯೊಲೆಟ್ ಎಂಬ ಬಣ್ಣ ಹೆಚ್ಚಿನ ಗ್ರಾಂ ಪಾಸಿಟಿವ್ (ಗ್ರಾಂ ಬಣ್ಣ ಹಾಕಿದಾಗ ನೇರಳೆಯಾಗಿ ಕಾಣುವ) ಬ್ಯಾಕ್ಟೀರಿಯಾಗಳನ್ನು ಬೆಳೆಯಲು ಬಿಡುವುದಿಲ್ಲ. ಉಳಿದವುಗಳಲ್ಲಿ ಲ್ಯಾಕ್ಟೋಸ್ ಬಳಸುವ ಇ. ಕೋಲೈ ಆಮ್ಲ ಮಾಡಿ ಗುಲಾಬಿ ಬಣ್ಣಕ್ಕೆ ಬರುತ್ತದೆ. ಲ್ಯಾಕ್ಟೋಸ್ ಮುಟ್ಟದ ಸಾಲ್ಮೊನೆಲ್ಲಾಗೆ ಬಣ್ಣವೇ ಬರುವುದಿಲ್ಲ.

ಇನ್ನು ಸುತ್ತಲಿನ ವಾತಾವರಣ. ಭೇದಿ ತರುವ ಕ್ಯಾಂಪೈಲೋಬ್ಯಾಕ್ಟರ್ ಜೆಜುನೈಗೆ ಗಾಳಿಯಲ್ಲಿರುವ ಸುಮಾರು 21% ಆಕ್ಸಿಜನ್ ಜಾಸ್ತಿಯಾಯಿತು. 5% ಸಾಕು, ಆದರೆ 42 ಡಿಗ್ರಿ ಬಿಸಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಟೆಟನಸ್ ತರುವ ಕ್ಲಾಸ್ಟ್ರಿಡಿಯಂಗೆ ಆಕ್ಸಿಜನ್ ಇರಲೇಬಾರದು. ಕಾಲರಾ ಬ್ಯಾಕ್ಟೀರಿಯಾ ಪಿಎಚ್ 8.6ರಷ್ಟು ಕ್ಷಾರೀಯ ಮೀಡಿಯಾದಲ್ಲೂ ಆರಾಮವಾಗಿ ಬೆಳೆಯುತ್ತದೆ.

ಸಮಯವನ್ನೂ ಮರೆಯಬೇಡಿ. ಒಳ್ಳೆಯ ಮೀಡಿಯಾದಲ್ಲಿ ಇ. ಕೋಲೈ 20 ನಿಮಿಷಕ್ಕೆ ಎರಡಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾಗೆ 15ರಿಂದ 20 ಗಂಟೆ ಬೇಕು. ಹಾಗಾಗಿ ಅದರ ಘನ ಮೀಡಿಯಾವನ್ನು ಎಂಟು ವಾರದವರೆಗೂ ಇಟ್ಟು ನೋಡುತ್ತೇವೆ. 24 ಗಂಟೆಯಲ್ಲಿ ಖಾಲಿ ಅಂತ ಎಸೆದರೆ ರೋಗಿಗೆ ತಪ್ಪು ವರದಿ ಹೋಗುತ್ತದೆ. ಕುಷ್ಠದ ಬ್ಯಾಕ್ಟೀರಿಯಾ ಇನ್ನೂ ಯಾವ ಕೃತಕ ಮೀಡಿಯಾಗೂ ಒಗ್ಗಿಲ್ಲ. ಅದನ್ನು ಇಲಿಯ ಪಾದದಲ್ಲೋ ಆರ್ಮಡಿಲೋ ಎಂಬ ಪ್ರಾಣಿಯ ದೇಹದಲ್ಲೋ ಬೆಳೆಸುತ್ತಾರೆ.