ಮಹಡಿಯ 10×10 ಕೋಣೆಗೆ ಎರಡು ಲಕ್ಷದೊಳಗೆ ಯಾವ ಟವರ್ ಸ್ಪೀಕರ್ ತಗೊಳ್ಳಲಿ?

ಸ್ಪೀಕರ್ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ನಿಮ್ಮ ಎಂಜಿನಿಯರ್‌ಗೆ ಫೋನ್ ಮಾಡಿ. ಕೆಳಗಿನ ಮನೆಗೆ ಮೋಲ್ಡ್ ಹಾಕಿ ಆಗಿದೆ, ಮೇಲಿನ ಗೋಡೆ ಇನ್ನೂ ಎದ್ದಿಲ್ಲ, ಹಾಡು ಕೇಳುವುದಕ್ಕೆಂದೇ ಒಂದು ಚೌಕ ಕೋಣೆ ಇಟ್ಟುಕೊಂಡಿದ್ದೇವೆ, ಎತ್ತರ ಎಲ್ಲರ ಹಾಗೆ ಹತ್ತು ಅಡಿ ಅಂತ ಬರೆದಿದ್ದೀರಿ. ಅದೇ ಅಳತೆಯ ಕೋಣೆಯನ್ನು ನಾನು ಕಟ್ಟಿಸಿ, ಅದರೊಳಗೇ ಕೂತು ಇದನ್ನು ಬರೆಯುತ್ತಿದ್ದೇನೆ. ನಿಮಗೆ ಇನ್ನೂ ಅವಕಾಶ ಇದೆ. ನನಗೆ ಇರಲಿಲ್ಲ ಅಂತಲ್ಲ, ಇದ್ದದ್ದನ್ನು ಕೈಯಾರೆ ಕಳೆದುಕೊಂಡೆ.

ನಮ್ಮದು ವಿಜಯನಗರದಲ್ಲಿ 30×40 ಸೈಟು. ಕೆಳಗಿನ ಮನೆ ಅಪ್ಪ ಕಟ್ಟಿಸಿದ್ದು, ಮೇಲಿನದು ನನ್ನ ಕಾಲಕ್ಕೆ ಎದ್ದದ್ದು. ಎಂಜಿನಿಯರ್ ಕೊಟ್ಟ ಮೊದಲ ಪ್ಲಾನ್‌ನಲ್ಲಿ ನನ್ನ ಕೋಣೆ 10×13½ ಅಡಿ ಇತ್ತು. ಅದನ್ನು 10×10ಕ್ಕೆ ಇಳಿಸಿದವನು ನಾನೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವೂ ಇವೇ ಕಾರಣಕ್ಕೆ ಇಳಿಸಿರುತ್ತೀರಿ. ಮೇಸ್ತ್ರಿ ಹೇಳಿದ, "ಸಾರ್, ಎರಡಡಿ ಟೈಲ್ಸ್ ಐದೈದು ಕರೆಕ್ಟಾಗಿ ಕೂರ್ತದೆ, ಒಂದು ತುಂಡೂ ಕಟ್ ಮಾಡಂಗಿಲ್ಲ." ಅತ್ತೆಯವರು, ಚೌಕ ಕೋಣೆ ವಾಸ್ತು ಪ್ರಕಾರ ಬಹಳ ಒಳ್ಳೆಯದು ಅಂದರು. ಉಳಿಯುವ ಮೂರೂವರೆ ಅಡಿಯನ್ನು ಯುಟಿಲಿಟಿಗೆ ಸೇರಿಸಿದರೆ ವಾಷಿಂಗ್ ಮೆಷಿನ್ನೂ ಬಟ್ಟೆ ಒಣಗಿಸುವ ಸ್ಟ್ಯಾಂಡೂ ಆರಾಮಾಗಿ ಹಿಡಿಯುತ್ತಿತ್ತು. ಮೂರೂ ಒಳ್ಳೆಯ ಕಾರಣಗಳೇ. ಒಬ್ಬನೇ ಕೂತು ಹಾಡು ಕೇಳುವುದಕ್ಕೆ ಹತ್ತು ಅಡಿ ಸಾಲದೇ ಅಂತ ನನಗೂ ಅನ್ನಿಸಿತು. ಕೋಣೆ ಚಿಕ್ಕದಾಗುತ್ತದೆ ಅಂತಷ್ಟೇ ಯೋಚಿಸಿದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆಗುತ್ತಿದೆ ಎನ್ನುವುದು ಹೊಳೆಯಲೇ ಇಲ್ಲ. ನಷ್ಟ ಆದದ್ದು ಅಲ್ಲಿ. ಕೋಣೆ ಚಿಕ್ಕದಾದದ್ದರಿಂದ ಅಲ್ಲ, ಮೂರು ಅಳತೆ ಒಂದೇ ಆದದ್ದರಿಂದ. 9×12 ಇದ್ದಿದ್ದರೂ ಇಷ್ಟು ಕೆಡುತ್ತಿರಲಿಲ್ಲ.

ಎರಡು ಎದುರುಬದುರು ಗೋಡೆಗಳ ನಡುವೆ ಶಬ್ದ ಹೋಗಿ ಬರುತ್ತಿರುತ್ತದೆ. ಯಾವ ಸ್ವರದ ಅಲೆಯ ಅರ್ಧ ಉದ್ದ ಆ ದೂರಕ್ಕೆ ಸರಿಯಾಗಿ ಹೊಂದುತ್ತದೋ ಆ ಸ್ವರ ಅಲ್ಲೇ ನಿಂತುಬಿಡುತ್ತದೆ, ಮಿಕ್ಕ ಸ್ವರಗಳಿಗಿಂತ ಜೋರಾಗುತ್ತದೆ, ನಿಲ್ಲಿಸಿದ ಮೇಲೂ ಎಳೆಯುತ್ತದೆ. ನಮ್ಮ ಊರಿನ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. ಹತ್ತು ಅಡಿ ಅಂದರೆ 3.05 ಮೀಟರ್. 346ನ್ನು 6.1ರಿಂದ ಭಾಗಿಸಿ, 57 ಹರ್ಟ್ಸ್, ಅಂದರೆ ಸೆಕೆಂಡಿಗೆ 57 ಕಂಪನ, ಬರುತ್ತದೆ. ಉದ್ದ, ಅಗಲ, ಎತ್ತರ ಬೇರೆ ಬೇರೆ ಇದ್ದರೆ ಮೂರು ಬೇರೆ ಸ್ವರಗಳು ಸ್ವಲ್ಪ ಸ್ವಲ್ಪ ಎದ್ದು ಕೇಳುತ್ತವೆ, ಕಿವಿ ಅದಕ್ಕೆ ಹೊಂದಿಕೊಳ್ಳುತ್ತದೆ. ಮೂರೂ ಹತ್ತೇ ಆದರೆ ಮೂರು ದಿಕ್ಕಿನ ಜೋರೂ ಅದೊಂದೇ 57ರ ಮೇಲೆ ಬಂದು ಬೀಳುತ್ತದೆ. ಅದರ ಎರಡರಷ್ಟಾದ 114ರಲ್ಲಿ ಮತ್ತೆ ಅದೇ ಕಥೆ. ಬೇಸ್ ಗಿಟಾರಿನ ಎ ತಂತಿಯನ್ನು ಬಿಡಿಯಾಗಿ ಮೀಟಿದರೆ 55 ಹರ್ಟ್ಸ್, ಅಂದರೆ ಪಕ್ಕದ ಮನೆ. ಎಂಬತ್ತರ ದಶಕದ ಸಿನಿಮಾ ಹಾಡುಗಳಲ್ಲಿ ಬೇಸ್ ಗಿಟಾರ್ ಸುಮ್ಮನೆ ತಾಳ ಹಿಡಿಯುವುದಿಲ್ಲ, ತನ್ನದೇ ಒಂದು ರಾಗ ನಡೆಸಿಕೊಂಡು ಹೋಗುತ್ತದೆ. ನನ್ನ ಕೋಣೆಯಲ್ಲಿ ಆ ನಡಿಗೆಯ ಒಂದೇ ಒಂದು ಸ್ವರ ಗುಂಯ್ ಅಂತ ಎದ್ದು, ಮುಂದಿನ ಸ್ವರ ಬಂದ ಮೇಲೂ ಕೂತಿರುತ್ತಿತ್ತು. ಹಾಡುವವರ ದನಿ ಅದರ ಹಿಂದೆ ಮಸುಕು.

ನಾನು ಕೊಂಡದ್ದು ನೀವು ಕೊಳ್ಳಬೇಕೆಂದಿರುವಂಥದ್ದೇ ನೆಲದ ಮೇಲೆ ನಿಲ್ಲುವ ಎತ್ತರದ ಟವರ್, ಒಂದೊಂದರಲ್ಲಿ ಎಂಟು ಇಂಚಿನ ಎರಡು ವೂಫರ್, ಅಂದರೆ ಕೆಳಗಿನ ಸ್ವರ ನುಡಿಸುವ ದೊಡ್ಡ ಕೋನ್. ಅಂಗಡಿಯಲ್ಲಿ ಕೇಳಿದಾಗ ಮೈ ಜುಮ್ಮೆಂದಿತ್ತು. ಅದು ಉದ್ದನೆಯ ಹಾಲ್, ಕೆಳಗೆ ದಪ್ಪ ಕಾರ್ಪೆಟ್, ಗೋಡೆಗೆಲ್ಲ ಪರದೆ. ಮನೆಗೆ ತಂದು ಎರಡು ಮೂಲೆಗೆ ಒಂದೊಂದು ನಿಲ್ಲಿಸಿ, ಎದುರು ಗೋಡೆಗೆ ಒರಗಿಸಿ ಸೋಫಾ ಹಾಕಿದೆ. ಸ್ಪೀಕರ್ ಮೂಲೆಯಲ್ಲಿ, ತಲೆ ಗೋಡೆಗೆ. ಆ 57 ಹರ್ಟ್ಸ್ ಅತಿ ಹೆಚ್ಚು ಜೋರಿರುವ ಜಾಗಗಳು ಇವೇ.

ಆಮೇಲಿನ ಖರ್ಚು ಹೇಳಿದರೆ ನಿಮಗೆ ಉಪಯೋಗವಾದೀತು. ಆಂಪ್ಲಿಫೈಯರ್‌ಗೆ ಹಿಡಿತ ಸಾಲದು ಅಂತ ಒಬ್ಬರು ಅಂದರು, ಬದಲಾಯಿಸಿದೆ. ಕೇಬಲ್ ಬದಲಾಯಿಸಿದೆ. ಸ್ಪೀಕರ್ ಕೆಳಗೆ ಕಡಪ ಕಲ್ಲು ಕತ್ತರಿಸಿ ಹಾಕಿಸಿದೆ. ನೆಲಕ್ಕೆ ನವಲಗುಂದದ ಜಮಖಾನ ಬಂತು. ಜಮಖಾನದಿಂದ ಕೀರಲು ಸ್ವಲ್ಪ ಕಡಿಮೆಯಾದದ್ದು ನಿಜ, ಗುಂಯ್ ಎನ್ನುವುದಕ್ಕೆ ಕೂದಲೂ ಕೊಂಕಲಿಲ್ಲ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರಿಗೂ ಇದೇ ಹೇಳುತ್ತೇನೆ. ತೆಳುವಾದ ವಸ್ತು ಹಿಡಿಯುವುದು ತಾರಕದ ಶಬ್ದವನ್ನು ಮಾತ್ರ. 57 ಹರ್ಟ್ಸಿನ ಅಲೆಯ ಕಾಲು ಭಾಗವೇ ಒಂದೂವರೆ ಮೀಟರ್ ಇದೆ, ಅರ್ಧ ಇಂಚಿನ ಬಟ್ಟೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಸಾಕಾಗಿ ಟವರ್‌ಗಳನ್ನು ಅರ್ಧ ಬೆಲೆಗೆ ಮಾರಿದೆ. ಕೊಂಡವರು ತುಮಕೂರಿನವರು. ಜೋಡಿಸಿ ಕೊಡಲು ನಾನೇ ಹೋಗಿದ್ದೆ. ಅವರದು ಹಳೆಯ ಮನೆ, ಹಾಲ್ ಅಗಲಕ್ಕಿಂತ ಬಹಳ ಉದ್ದ, ಒಂದು ಕಡೆ ಊಟದ ಮನೆಗೂ ಮೆಟ್ಟಿಲಿಗೂ ತೆರೆದುಕೊಂಡಿದೆ. ನನ್ನದೇ ಸ್ಪೀಕರ್, ನನ್ನದೇ ಹಳೆಯ ಕೇಬಲ್, ಅವರ ಸಾಧಾರಣ ಆಂಪ್ಲಿಫೈಯರ್. ಅದೇ ಹಾಡು ಹಾಕಿದರೆ ಬೇಸ್ ಗಿಟಾರಿನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಎಣಿಸುವಂತೆ ಕೇಳಿಸಿತು. "ಏನ್ ಸಾರ್, ಇಷ್ಟ್ ಚೆನ್ನಾಗಿರೋದನ್ನ ಯಾಕ್ ಮಾರ್ತಿದೀರಿ?" ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಮನೆಗೆ ಬಂದು ಮಾಡಿದ ಪರೀಕ್ಷೆಯನ್ನು ನೀವೂ ಮಾಡಬಹುದು, ಕಾಸು ಖರ್ಚಿಲ್ಲ. ಫೋನಿಗೆ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ಫೋನನ್ನು ಆಂಪ್ಲಿಫೈಯರ್‌ಗೆ ಜೋಡಿಸಿ, ಇರುವ ಯಾವುದಾದರೂ ಸ್ಪೀಕರಿನಲ್ಲಿ 57 ಹರ್ಟ್ಸ್ ಹಿಡಿದು ಬಿಡಿ. ಸಣ್ಣ ದನಿಯಲ್ಲೇ. ನಾನು ಮೂಲೆಗೆ ಹೋಗಿ ನಿಂತರೆ ಕಿಟಕಿಯ ಗಾಜು ಗ್ರಿಲ್ಲಿಗೆ ತಗುಲಿ ಝರಝರ ಅನ್ನುತ್ತಿತ್ತು, ಎದೆ ಒತ್ತಿದ ಹಾಗೆ ಆಗುತ್ತಿತ್ತು. ಗೋಡೆ ಬಿಟ್ಟು ಕೋಣೆಯ ನಡುವಿಗೆ ಬರುತ್ತಾ ದನಿ ಇಳಿಯಿತು. ಸರಿಯಾಗಿ ಕೋಣೆಯ ನಟ್ಟನಡುವೆ ನಿಂತರೆ ಯಾರೋ ಆಫ್ ಮಾಡಿದ ಹಾಗೆ ನಿಶ್ಶಬ್ದ. ಅಲ್ಲೇ ಸ್ಟೂಲ್ ಮೇಲೆ ಕೂತೆ, ದನಿ ಮತ್ತೆ ಬಂತು. ಎದ್ದೆ, ಹೋಯಿತು. ನಿಂತಾಗ ಕಿವಿ ಐದಡಿ ಎತ್ತರದಲ್ಲಿ, ಅಂದರೆ ನೆಲಕ್ಕೂ ಮೋಲ್ಡಿಗೂ ನಡುವೆ ಇರುತ್ತದೆ, ಮೂರು ದಿಕ್ಕಿನಿಂದಲೂ ಆ ಅಲೆ ಸೊನ್ನೆಯಾಗುವ ಬಿಂದು ಅದು. ಕೂತರೆ ಕಿವಿ ಮೂರಡಿ ಚಿಲ್ಲರೆಗೆ ಇಳಿಯುತ್ತದೆ, ನೆಲ–ಮೋಲ್ಡ್ ನಡುವಿನ ಅಲೆಗೆ ಸಿಗುತ್ತದೆ. ಸ್ಪೀಕರ್ ಕಂಪನಿ, ಬೆಲೆ, ವ್ಯಾಟ್ ಯಾವುದಕ್ಕೂ ಇದರಲ್ಲಿ ಪಾತ್ರವಿಲ್ಲ. ಕಡಿಮೆ ಶ್ರುತಿಯಲ್ಲಿ, ಸುಮಾರು 200–300 ಹರ್ಟ್ಸಿನ ಕೆಳಗೆ, ನಮಗೆ ಕೇಳಿಸುವುದು ಮುಖ್ಯವಾಗಿ ಕೋಣೆ.

ಇನ್ನೊಂದು ವಿಷಯ. ಟವರ್ ಹಾಕಿ, ತೊಂದರೆ ಆಗುವುದಿಲ್ಲ ಅಂತ ನಿಮಗೆ ಹೇಳಿದ ವಿಡಿಯೋಗಳು ಬಹುಪಾಲು ಅಮೆರಿಕದವು. ಅಲ್ಲಿಯ ಮನೆ ಗೋಡೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದದ್ದು. ಬೇಸ್, ಅಂದರೆ ಕಡಿಮೆ ಶ್ರುತಿಯ ಶಬ್ದ, ಬಡಿದಾಗ ಆ ಗೋಡೆ ತಾನೂ ಸ್ವಲ್ಪ ಅಲುಗಿ ಶಬ್ದವನ್ನು ನುಂಗುತ್ತದೆ, ಆಚೆಗೂ ಬಿಡುತ್ತದೆ. ನಮ್ಮದು ಸಾಲಿಡ್ ಬ್ಲಾಕ್, ಸಿಮೆಂಟ್ ಪ್ಲಾಸ್ಟರ್, ಮೇಲೆ ಕೆಳಗೆ ಕಾಂಕ್ರೀಟ್, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಕೊಡದೊಳಗೆ ಕೂಗಿದ ಹಾಗೆ, ಒಳಗಿನದು ಒಳಗೇ. ಅಲ್ಲಿ ಹದವಾಗಿ ಕೇಳುವ ಬೇಸ್ ಇಲ್ಲಿ ಅತಿಯಾಗುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಯ ಆ ಅರ್ಧವನ್ನು ನಾನು ಒಪ್ಪುವುದೇ ಇಲ್ಲ. ಇಂಥ ಕೋಣೆಗೆ ಯಾವ ಟವರ್ರೂ ಬೇಡ.

ಈಗ ಗೋಡೆ. 1965ರಲ್ಲಿ ಸೆಪ್ಮೇಯರ್ ಎನ್ನುವ ಧ್ವನಿ ತಜ್ಞರು ಕೋಣೆಯ ಅಳತೆಗೆ ಲೆಕ್ಕ ಹಾಕಿ ಕೊಟ್ಟ ಅನುಪಾತವೊಂದಿದೆ: ಎತ್ತರ 1 ಆದರೆ ಅಗಲ 1.14, ಉದ್ದ 1.39. ನಿಮ್ಮ ಹತ್ತಡಿ ಎತ್ತರಕ್ಕೆ ಅದು 11 ಅಡಿ 5 ಇಂಚು, 13 ಅಡಿ 11 ಇಂಚು. ಆಗ ಆ ಮೂರು ಸ್ವರಗಳು 41, 50, 57 ಹರ್ಟ್ಸ್ ಅಂತ ಹರಡಿಕೊಳ್ಳುತ್ತವೆ. ಇಂಚಿಗೆ ಇಂಚು ಹೊಂದಲೇಬೇಕೆಂದಿಲ್ಲ, ಒಂದು ಅಳತೆ ಇನ್ನೊಂದಕ್ಕೆ ಸಮ ಆಗದಿರಲಿ, ಎರಡರಷ್ಟೂ ಆಗದಿರಲಿ. ಗೋಡೆ ಮೂರಡಿ ಆಚೆ ಸರಿದರೆ ಅದರ ಭಾರ ಬೀಮ್ ಮೇಲೆ ಕೂರುತ್ತದೋ ಬರಿಯ ಸ್ಲ್ಯಾಬ್ ಮೇಲೋ ಅನ್ನುವುದನ್ನು ಎಂಜಿನಿಯರ್ ಹೇಳಬೇಕು, ಮೇಸ್ತ್ರಿಯಲ್ಲ. ಟೈಲ್ಸ್ ಕಟ್ ಮಾಡಬೇಕಾಗುತ್ತದೆ, ಮಾಡಲಿ. ಬಾಗಿಲು ನೀವು ಕೂರುವ ಕಡೆ ಬರಲಿ, ಸ್ಪೀಕರ್ ಇಡುವ ಗೋಡೆಯ ಮೂಲೆಯಲ್ಲಿ ಬೇಡ. ಎಡಕ್ಕೆ ಗೋಡೆ, ಬಲಕ್ಕೆ ತೆರೆದ ಬಾಗಿಲು ಆದರೆ ಹಾಡುವವರು ಒಂದು ಪಕ್ಕಕ್ಕೆ ಸರಿದು ನಿಂತ ಹಾಗೆ ಕೇಳುತ್ತದೆ. ಪ್ಲಗ್ ಪಾಯಿಂಟಿಗೆ ಈಗಲೇ ಪೈಪ್ ಹಾಕಿಸಿ.

ಗೋಡೆ ಸರಿಸಲು ಆಗುವುದೇ ಇಲ್ಲ ಅಂದರೆ ನಾನು ಕೊನೆಗೆ ಮಾಡಿದ್ದನ್ನು ಮಾಡಿ. ಕೂರುವ ಜಾಗದ ಹಿಂದಿನ ಗೋಡೆಗೆ, ನೆಲದಿಂದ ಮೋಲ್ಡ್‌ವರೆಗೆ, ಬಡಗಿಯಿಂದ ಹದಿನಾರು ಇಂಚು ಆಳದ ಬರಿಯ ಚೌಕಟ್ಟು ಮಾಡಿಸಿದೆ. ಒಳಗೆ ರಾಕ್‌ವೂಲ್, ಅಂದರೆ ಕಲ್ಲಿನ ನಾರಿನ ಸ್ಲ್ಯಾಬ್, ಕಟ್ಟಡ ಸಾಮಗ್ರಿಯವರ ಬಳಿ 48 ಡೆನ್ಸಿಟಿ, 50 ಎಂಎಂ ಅಂತ ಕೇಳಿದರೆ ಕೊಡುತ್ತಾರೆ. ಅವನ್ನು ಒಂದರ ಹಿಂದೊಂದು ತುಂಬಿ, ಮುಂದೆ ಖಾದಿ ಬಟ್ಟೆ ಬಿಗಿದದ್ದು. ತುಂಬುವಾಗ ಕೈಗವಸು, ಮಾಸ್ಕ್ ಕಡ್ಡಾಯ, ನಾರು ಚುಚ್ಚುತ್ತದೆ. ಕದ ಹಾಕಿಸಬೇಡಿ, ಶಬ್ದ ಒಳಗೆ ಹೋಗಬೇಕು. ಗುಂಯ್ ಪೂರ್ತಿ ಹೋಯಿತೇ ಅಂದರೆ ಇಲ್ಲ. ಅದರ ಬಾಲ ಕುಗ್ಗಿತು, ಮುಂದಿನ ಸ್ವರದ ಮೇಲೆ ಬೀಳುವುದು ನಿಂತಿತು. ಉಳಿದದ್ದನ್ನು ಈಕ್ವಲೈಜರ್‌ನಲ್ಲಿ ಅದೊಂದೇ ಸ್ವರ ತಗ್ಗಿಸಿ ಸರಿ ಮಾಡಿಕೊಂಡೆ. ಈಕ್ವಲೈಜರ್‌ನಿಂದ ಉಬ್ಬು ತಗ್ಗಿಸಬಹುದು, ಹಳ್ಳ ತುಂಬಲಾಗದು. ಕೋಣೆಯ ನಡುವಿನ ಆ ನಿಶ್ಶಬ್ದ ಬಿಂದುವಿನಲ್ಲಿ ಕುರ್ಚಿ ಹಾಕಿಕೊಂಡು ಎಷ್ಟು ಏರಿಸಿದರೂ ಆಂಪ್ಲಿಫೈಯರ್ ಬಿಸಿಯಾಗುತ್ತದೆ ಅಷ್ಟೇ.

ಸ್ಪೀಕರ್ ಬಗ್ಗೆ ಕೇಳಿದಿರಲ್ಲ. ಐದು ಇಂಚಿನ ವೂಫರ್ ಇರುವ, ಸ್ಟ್ಯಾಂಡ್ ಮೇಲಿಡುವ ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ, ಸಾಧ್ಯವಾದರೆ ಹಿಂದೆ ತೂತಿಲ್ಲದ ಮುಚ್ಚಿದ ಪೆಟ್ಟಿಗೆ. ತೂತಿದ್ದರೆ ಅದಕ್ಕೆ ಸ್ಪಂಜು ತುರುಕಬಹುದು. ಚಿಕ್ಕದು ಅಂತ ಅಸಡ್ಡೆ ಬೇಡ. ಎಪ್ಪತ್ತರ ದಶಕದಲ್ಲಿ ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳಲು ಎಲ್‌ಎಸ್3/5ಎ ಎನ್ನುವ ಸ್ಪೀಕರ್ ಮಾಡಿದರು, ಅದರ ವೂಫರ್ ಐದೇ ಇಂಚು, ಪೆಟ್ಟಿಗೆ ಮುಚ್ಚಿದ್ದು. ಮನುಷ್ಯರ ಕಂಠ ಅದರಲ್ಲಿ ಕೇಳುವಷ್ಟು ಸಹಜವಾಗಿ ಕೇಳಿಸುವ ಸ್ಪೀಕರ್ ಇವತ್ತಿಗೂ ಕಡಿಮೆ ಅಂತ ನನ್ನ ನಂಬಿಕೆ. 50 ವ್ಯಾಟ್ ಆಂಪ್ಲಿಫೈಯರ್ ಧಾರಾಳ ಸಾಕು.

ನನ್ನ ಕೋಣೆಯಲ್ಲಿ ಈಗ ಸ್ಪೀಕರ್ ಮುಂದಿನ ಗೋಡೆಯಿಂದ ಎರಡಡಿ, ಪಕ್ಕದ ಗೋಡೆಯಿಂದ ಎರಡೂವರೆ ಅಡಿ, ವೂಫರ್ ನೆಲದಿಂದ ಮೂರಡಿ. ಮೂರು ದೂರವೂ ಬೇಕೆಂದೇ ಬೇರೆ ಬೇರೆ. ಸ್ಪೀಕರಿನ ಹಿಂದೆ ಹೋದ ಬೇಸ್ ಗೋಡೆಗೆ ಬಡಿದು ತಿರುಗಿ ಬಂದು ಮುಂದಿನದನ್ನು ಒಂದು ಸ್ವರದಲ್ಲಿ ಅಳಿಸುತ್ತದೆ, ಎರಡಡಿ ದೂರಕ್ಕೆ ಅದು 140 ಹರ್ಟ್ಸಿನ ಆಸುಪಾಸು. ಮೂರೂ ದೂರ ಒಂದೇ ಆದರೆ ಮೂರು ಹಳ್ಳ ಒಂದೇ ಕಡೆ ಬೀಳುತ್ತವೆ. ಎರಡು ಸ್ಪೀಕರ್ ನಡುವೆ ಐದಡಿ, ನನಗೂ ಒಂದೊಂದಕ್ಕೂ ಐದಡಿ, ತಾರಕದ ಸ್ವರ ನುಡಿಸುವ ಟ್ವೀಟರ್ ಕಿವಿಯ ಮಟ್ಟಕ್ಕೆ. ಬೆನ್ನ ಹಿಂದೆ ಎರಡಡಿಗೂ ಹೆಚ್ಚು ಜಾಗ ಬಿಟ್ಟಿದ್ದೇನೆ. ಸೋಫಾ ಹೊರಗೆ ಹೋಯಿತು, ಒಂದು ಬೆತ್ತದ ಕುರ್ಚಿ ಬಂತು. ಸೋಫಾ ಗೋಡೆಗೇ ಇರಬೇಕು ಅಂತ ಮನೆಯವರು ಹಟ ಹಿಡಿದರೆ ಅದನ್ನು ಹಾಲಿನಲ್ಲಿ ಹಾಕಿ, ಈ ಕೋಣೆಗೆ ಬೇಡ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಎರಡು ಲಕ್ಷದಲ್ಲಿ ಮೊದಲು ಅರವತ್ತು ಸಾವಿರ ಕೋಣೆಗೆ ತೆಗೆದಿಡಿ, ಮಿಕ್ಕದ್ದರಲ್ಲಿ ಸ್ಪೀಕರ್, ಸ್ಟ್ಯಾಂಡ್, ಆಂಪ್ಲಿಫೈಯರ್. ಅಂಗಡಿಯವರು ಒಂದು ರಾತ್ರಿ ಮನೆಗೆ ಕೊಟ್ಟು ಕಳಿಸುವುದಿಲ್ಲ ಅಂದರೆ ಅಲ್ಲಿ ಕೊಳ್ಳಬೇಡಿ. ಆದರೆ ಅದೆಲ್ಲ ಆಮೇಲಿನ ಮಾತು. ಎಂಜಿನಿಯರ್ ಬಳಿ ಮೇಲಂತಸ್ತಿನ ಬೀಮ್ ಎಲ್ಲೆಲ್ಲಿ ಹಾದಿದೆ ಅಂತ ಕೇಳಿ, ಪ್ಲಾನಿನ ಫೋಟೋ ಇಲ್ಲಿ ಹಾಕಿ. ಯುಟಿಲಿಟಿಯಿಂದ ಎಷ್ಟು ಅಡಿ ಕದಿಯಬಹುದು, ಬಾಗಿಲು ಎಲ್ಲಿ ಬರಬೇಕು ನೋಡಿ ಹೇಳುತ್ತೇನೆ.