ಓದುಗರ ಪ್ರಶ್ನೆ: ಲೀಥಿಯಂ ಪ್ಯಾಕ್ ಬೇಗ ಕೈಕೊಡುವುದೇಕೆ?

ಪ್ರಶ್ನೆ: ಬಳಸಿದ 40 ಸೆಲ್‌ಗಳಿಂದ (18650, ಅಂದರೆ 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದದ ಲೀಥಿಯಂ ಸೆಲ್) 36 ವೋಲ್ಟಿನ ಪ್ಯಾಕ್ ಕಟ್ಟಿದ್ದೇನೆ. ನಾಲ್ಕು ನಾಲ್ಕು ಸೆಲ್ ಸಮಾಂತರವಾಗಿ, ಅಂಥ ಹತ್ತು ಗುಂಪು ಸರಣಿಯಲ್ಲಿ. ಇನ್ನೂ 33.4 ವೋಲ್ಟ್ ಇರುವಾಗಲೇ ಬಿಎಂಎಸ್ (ಪ್ಯಾಕನ್ನು ಕಾಯುವ ಸರ್ಕ್ಯೂಟ್ ಬೋರ್ಡ್) ಕರೆಂಟ್ ಕಡಿದುಬಿಡುತ್ತದೆ. ಅದನ್ನು ಬದಲಿಸಬೇಕೆ?

ಉತ್ತರ: ಬೇಡ, ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಬಿಎಂಎಸ್ ಒಂದೊಂದು ಗುಂಪಿನ ವೋಲ್ಟೇಜನ್ನೂ ಬೇರೆಬೇರೆಯಾಗಿ ಕಾಯುತ್ತದೆ. ಒಂಬತ್ತು ಗುಂಪು 3.4ರಲ್ಲಿದ್ದು ಒಂದೇ ಒಂದು 2.8ಕ್ಕೆ ಕುಸಿದರೂ ಒಟ್ಟು 33.4 ಆಗುತ್ತದೆ. ಆ ಒಂದನ್ನು ಹುಡುಕಿ. ಲೋಡ್ ಇರುವಾಗಲೇ ಅಳೆಯಿರಿ. ಲೋಡ್ ತೆಗೆದ ಕೂಡಲೇ ವೋಲ್ಟೇಜ್ ಮೇಲೇರಿ ಸೋತ ಗುಂಪೂ ಚೆನ್ನಾಗಿರುವಂತೆ ಕಾಣುತ್ತದೆ.

ಸಿಕ್ಕ ಮೇಲೆ ಪ್ಯಾಕನ್ನು ಚಾರ್ಜಿಗೆ ಹಾಕಿ ಅದೇ ಗುಂಪಿನ ಮೇಲೆ ಕಣ್ಣಿಡಿ. ಖಾಲಿಯಾಗುವಾಗ ಎಲ್ಲರಿಗಿಂತ ಮೊದಲು ಇಳಿದದ್ದು ತುಂಬುವಾಗಲೂ ಎಲ್ಲರಿಗಿಂತ ಮೊದಲು 4.2 ಮುಟ್ಟಿದರೆ ಅದರ ಸಾಮರ್ಥ್ಯವೇ ಕಡಿಮೆ. ಒಂದು ಸೆಲ್‌ನ ವೆಲ್ಡ್ ಬಿಟ್ಟಿದ್ದರೂ ಹೀಗೇ ಆಗುತ್ತದೆ, ನಾಲ್ಕರ ಕೆಲಸವನ್ನು ಮೂರು ಮಾಡುತ್ತಿರುತ್ತವೆ. ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿಯನ್ನು ಮರದ ಕಡ್ಡಿಯಿಂದ ಮೆಲ್ಲಗೆ ಎತ್ತಿ ನೋಡಿ.

ತುಂಬುವಾಗಲೂ ಅದೇ ಹಿಂದೆ ಬಿದ್ದರೆ ಸಾಮರ್ಥ್ಯದ ದೋಷವಲ್ಲ, ಸಮತೋಲನ ತಪ್ಪಿದೆ. ಬಿಎಂಎಸ್‌ನ ಬ್ಯಾಲೆನ್ಸಿಂಗ್ (ಹೆಚ್ಚು ತುಂಬಿದ ಗುಂಪುಗಳ ಚಾರ್ಜ್ ಸೋರಿಸಿ ಎಲ್ಲವನ್ನೂ ಸಮ ಮಾಡುವುದು) ತಾನಾಗಿ ಸರಿಮಾಡುತ್ತದೆಂದು ಕಾಯುವುದು ಕಷ್ಟ: 50 ಮಿಲಿಆಂಪಿಯರ್ ಸೋರಿಸುವ ಬಿಎಂಎಸ್‌ಗೆ 2 ಆಂಪಿಯರ್-ಗಂಟೆಯ ಅಂತರ ಮುಚ್ಚಲು 40 ಗಂಟೆ ಬೇಕು. 4.2 ವೋಲ್ಟಿಗೆ ನಿಲ್ಲುವ ಒಂಟಿ ಸೆಲ್ ಚಾರ್ಜರ್‌ನಿಂದ ಆ ಗುಂಪನ್ನಷ್ಟೇ ತುಂಬಿಸಿ, ಎರಡು ವಾರ ಸುಮ್ಮನೆ ಇಡಿ. ಮಿಕ್ಕವು ನಿಂತಲ್ಲೇ ನಿಂತು ಇದೊಂದೇ ಮತ್ತೆ ಇಳಿದರೆ ಒಳಗೆ ತಾನೇ ಸೋರುವ ಸೆಲ್ ಇದೆ. ಆಗ ನಾಲ್ಕನ್ನೂ ತೆಗೆಯಿರಿ, ದಯವಿಟ್ಟು ಉಳಿಸಿಕೊಳ್ಳಲು ನೋಡಬೇಡಿ. 2 ವೋಲ್ಟಿಗಿಂತ ಕೆಳಗೆ ಬಹುಕಾಲ ಬಿದ್ದಿದ್ದ ಸೆಲ್‌ನಲ್ಲಿ ಒಳಗಿನ ತಾಮ್ರದ ಹಾಳೆ ಕರಗಿರಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಒಳಗೇ ಶಾರ್ಟ್ ಮಾಡಬಹುದು.

ಪ್ರಶ್ನೆ: ಪಟ್ಟಿಯನ್ನು ಸೆಲ್‌ಗೆ ಚುಕ್ಕೆಚುಕ್ಕೆಯಾಗಿ ಬೆಸೆಯುವ ಸ್ಪಾಟ್ ವೆಲ್ಡರ್ ಇಲ್ಲ. ಸೆಲ್‌ಗೆ ನೇರವಾಗಿ ಬೆಸುಗೆ ಹಾಕಬಹುದೆ?

ಉತ್ತರ: ಹಾಕಬೇಡಿ. ಬೆಸುಗೆಯ ಬಿಸಿ ಋಣ ತುದಿಯಿಂದ ಒಳಗಿಳಿದು ಪ್ಲಾಸ್ಟಿಕ್ ಪೊರೆಯನ್ನು ಕುಗ್ಗಿಸುತ್ತದೆ, ಧನ ತುದಿಯಲ್ಲಿ ಸೀಲನ್ನು ಸಡಿಲಿಸುತ್ತದೆ. ಅಂದೇ ಏನೂ ಕಾಣದು, ತಿಂಗಳುಗಳ ಮೇಲೆ ಸೋರಿಕೆ ಶುರುವಾಗುತ್ತದೆ. ವೆಲ್ಡರ್ ಎರವಲು ತನ್ನಿ. ಪಟ್ಟಿ ಶುದ್ಧ ನಿಕ್ಕಲ್ಲಿನದಿರಲಿ, 8 ಮಿ.ಮೀ. ಅಗಲ, 0.15 ಮಿ.ಮೀ. ದಪ್ಪದ್ದರಲ್ಲಿ ಸುಮಾರು 5 ಆಂಪಿಯರ್ ಹರಿಸಿದರೆ ಸಾಕು. ನಿಕ್ಕಲ್ ಲೇಪದ ಉಕ್ಕನ್ನು ಆಯಸ್ಕಾಂತದಿಂದ ಗುರುತಿಸಲಾಗದು, ಎರಡೂ ಅಂಟುತ್ತವೆ. ಒಂದು ತುಂಡನ್ನು ಕೆರೆದು ಉಪ್ಪುನೀರಲ್ಲಿ ರಾತ್ರಿಯಿಡೀ ಬಿಡಿ. ಕೆರೆದಲ್ಲಿ ಕೆಂಪು ತುಕ್ಕು ಬಂದರೆ ಉಕ್ಕು. ಸತ್ತ ಸೆಲ್ ಮೇಲೆ ಒಂದು ವೆಲ್ಡ್ ಹಾಕಿ ಪಟ್ಟಿಯನ್ನು ಕಿತ್ತು ನೋಡಿ: ಪಟ್ಟಿ ಹರಿದು ಚುಕ್ಕೆಗಳು ಸೆಲ್ ಮೇಲೆಯೇ ಉಳಿಯಬೇಕು. ಧನ ತುದಿಗೆ ಕಾಗದದ ಬಳೆ ಅಂಟಿಸದೆ ಪಟ್ಟಿ ಇಡಬೇಡಿ, ಏಕೆಂದರೆ ಅಂಚಿನ ಲೋಹವೆಲ್ಲ ಋಣವೇ.

ಪ್ರಶ್ನೆ: ಗುಂಪುಗಳ ವೋಲ್ಟೇಜ್ ಅಳೆಯುವ ಬಿಎಂಎಸ್‌ನ ತೆಳು ತಂತಿಗಳ ಕ್ರಮ ತಪ್ಪಿದರೆ?

ಉತ್ತರ: ಬೋರ್ಡ್ ಸುಡುತ್ತದೆ. ಹತ್ತು ಗುಂಪಿಗೆ ಹನ್ನೊಂದು ತಂತಿ. ಕನೆಕ್ಟರನ್ನು ಬೋರ್ಡಿಗೆ ಸಿಕ್ಕಿಸುವ ಮೊದಲು ಮಲ್ಟಿಮೀಟರ್‌ನ ಕಪ್ಪು ಮೊನೆಯನ್ನು ಮೊದಲ ಪಿನ್ನಿಗಿಟ್ಟು ಕೆಂಪನ್ನು ಒಂದೊಂದಾಗಿ ಸರಿಸಿ: 3.7, 7.4, 11.1 ಎಂದು ಮೆಟ್ಟಿಲಿನಂತೆ ಏರಬೇಕು. ಎಲ್ಲಾದರೂ ಒಂದು ಮೆಟ್ಟಿಲು ಹಾರಿದರೆ ಅಥವಾ ಇಳಿದರೆ ಅಲ್ಲೇ ತಂತಿ ಅದಲುಬದಲಾಗಿದೆ. ಬಿ-ಮೈನಸ್‌ನ (ಪ್ಯಾಕಿನ ಋಣ ತುದಿಯ) ದಪ್ಪ ತಂತಿಯನ್ನು ಮೊದಲು ಬೆಸೆದು, ಆಮೇಲೆ ಕನೆಕ್ಟರ್ ಸಿಕ್ಕಿಸಿ.