ಸಾಮಾನು ಕಮ್ಮಿ, ಬೆಳಕು ಜಾಸ್ತಿ!

ಪ್ರಶ್ನೆ: ಎಂ.ಎಸ್ಸಿ ಫಿಸಿಕ್ಸ್ ಓದ್ತಿದೀನಿ. ಮಾಲಿಬ್ಡಿನಂ ಡೈಸಲ್ಫೈಡ್ ಹರಳಿಗೆ ಟೇಪ್ ಅಂಟಿಸಿ ಕಿತ್ತು, ಹಸಿರು ಲೇಸರ್ ಬಿಟ್ರೆ ಒಂದೇ ಪದರ ಇರೋ ಕಡೆ ಕೆಂಪು ಬೆಳಕು ಬರುತ್ತೆ, ಪಕ್ಕದಲ್ಲೇ ದಪ್ಪಗಿರೋ ಕಡೆ ಏನೂ ಇಲ್ಲ. ಸಾಮಾನು ಜಾಸ್ತಿ ಇದ್ರೆ ಬೆಳಕೂ ಜಾಸ್ತಿ ಬರ್ಬೇಕಲ್ವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಎಲ್ರಿಗೂ ಹಾಗೇ ಅನ್ಸೋದು. ಗ್ಯಾರೇಜ್‌ನಲ್ಲಿ ಮೋಲಿ ಗ್ರೀಸ್ ಅಂತಾರಲ್ಲ, ಕೈಗೆ ಮೆತ್ತಿದ್ರೆ ಸೋಪಿಗೂ ಜಗ್ಗಲ್ಲ, ಅದ್ರಲ್ಲಿರೋ ಕಪ್ಪು ಪುಡಿನೇ ನಿಮ್ಮ ಹರಳು. ಪದರದ ಮೇಲೆ ಪದರ ಜಾರುತ್ತೆ, ಅದಕ್ಕೇ ಗ್ರೀಸಿಗೂ ಆಯ್ತು ಟೇಪಿಗೂ ಬಂತು. ಒಂದು ಪದರದ ದಪ್ಪ ಬರೀ 0.65 ನ್ಯಾನೋಮೀಟರ್.

ಈಗ ವಿಷಯಕ್ಕೆ ಬರೋಣ. ಲೇಸರ್ ಬಿದ್ದಾಗ ಎಲೆಕ್ಟ್ರಾನ್ ಅಟ್ಟ ಹತ್ತುತ್ತೆ, ಕೆಳಗೆ ಅದು ಬಿಟ್ಟ ಖಾಲಿ ಜಾಗನೇ ಹೋಲ್, ವಾಪಸ್ ಬಿದ್ದಾಗ ಬೆಳಕು. ಆದ್ರೆ ನೆಟ್ಟಗೆ ಬೀಳ್ಬೇಕು, ಅಂದ್ರೆ ಎಲೆಕ್ಟ್ರಾನ್, ಹೋಲ್ ಎರಡರ ಮೊಮೆಂಟಮ್ (ಚಲನೆಯ ರಭಸ) ಹೊಂದ್ಬೇಕು, ಯಾಕಂದ್ರೆ ಫೋಟಾನ್ ಹೊತ್ಕೊಂಡು ಹೋಗೋ ಮೊಮೆಂಟಮ್ ತೀರಾ ಅತ್ಯಲ್ಪ. ದಪ್ಪ ಹರಳಲ್ಲಿ ಎರಡರ ಮೊಮೆಂಟಮ್ ಬೇರೆ ಬೇರೆ, ಎಲೆಕ್ಟ್ರಾನ್ ಅಟ್ಟದ ಒಂದು ಮೂಲೇಲಿ, ಹೋಲ್ ಕೆಳಗೆ ಇನ್ನೊಂದು ಮೂಲೇಲಿ ಇದ್ದಹಾಗೆ, ಸೇರ್ಬೇಕಂದ್ರೆ ಹರಳಿನ ಕಂಪನ ಬಂದು ತಳ್ಬೇಕು, ಅಷ್ಟರಲ್ಲಿ ಶಕ್ತಿಯೆಲ್ಲ ಬಿಸಿಯಾಗಿ ಕರಗಿಹೋಗುತ್ತೆ. ಒಂದೇ ಪದರ ಉಳಿದಾಗ ಮೇಲೆ ಕೆಳಗಿನ ಪದರಗಳ ಕಾಟ ಇಲ್ಲ, ಮೂಲೆಯಿಂದ ಮೂಲೆಗಿರೋ ಆ ಓರೆ ದಾರಿಯ ಶಕ್ತಿ ಮೇಲೇರಿಬಿಡುತ್ತೆ, ನೆಟ್ಟಗಿನ ದಾರಿನೇ ಸುಲಭ ಆಗುತ್ತೆ. 2010ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಟೋನಿ ಹೈಂಜ್ ತಂಡ, ಬರ್ಕ್ಲಿ ವಿಶ್ವವಿದ್ಯಾಲಯದ ಫೆಂಗ್ ವಾಂಗ್ ತಂಡ ಇಬ್ರೂ ಇದನ್ನ ತೋರಿಸಿದ್ರು. ಹೈಂಜ್ ತಂಡದ ಅಳತೇಲಿ ದಪ್ಪ ಹರಳಿಗಿಂತ ಬೆಳಕು ಕೊಡೋ ಸಾಮರ್ಥ್ಯ ಹತ್ತು ಸಾವಿರ ಪಟ್ಟಿಗೂ ಮಿಕ್ಕಿ ಏರಿತ್ತು!

ನಂಗೆ ಇದಕ್ಕಿಂತ ಮಜಾ ಅನ್ಸೋದು ಎಕ್ಸಿಟಾನ್. ಎಲೆಕ್ಟ್ರಾನು ಹೋಲು ಒಂದನ್ನೊಂದು ಎಳ್ಕೊಂಡು ಜೋಡಿಯಾಗಿರುತ್ತೆ ನೋಡಿ, ಅದು. ಗ್ಯಾಲಿಯಂ ಆರ್ಸೆನೈಡ್ ಅನ್ನೋ ಅರೆವಾಹಕದಲ್ಲಿ ಈ ಗಂಟು ಬಿಚ್ಚೋಕೆ ಬೇಕಾದ ಶಕ್ತಿ ಸುಮಾರು 4 ಮಿಲಿ ಎಲೆಕ್ಟ್ರಾನ್ ವೋಲ್ಟ್ ಅಷ್ಟೆ, ರೂಮಿನ ಶಾಖದ ಶಕ್ತಿಯೇ ಅದೇ ಲೆಕ್ಕದಲ್ಲಿ 25 ಇರುತ್ತಲ್ಲ, ಬಿಚ್ಚಿಹೋಗುತ್ತೆ. ನಿಮ್ಮ ಒಂದೇ ಪದರದಲ್ಲಿ ಗಂಟು ನೂರಾರು ಮಿಲಿ ಎಲೆಕ್ಟ್ರಾನ್ ವೋಲ್ಟ್. ಯಾಕೆ ಅಂದ್ರೆ ಇಬ್ಬರ ನಡುವಿನ ಎಳೆತದ ಗೆರೆಗಳು ಬಹುಪಾಲು ಪದರದಿಂದಾಚೆ ಗಾಳೀಲಿ ಹಾಯುತ್ತೆ, ಅಲ್ಲಿ ಅಡ್ಡ ಬಂದು ಎಳೆತ ಕಮ್ಮಿ ಮಾಡೋರು ಯಾರೂ ಇಲ್ಲ. ಹಾಗಾಗಿ ನಿಮ್ಮ ಲ್ಯಾಬಿನ ಸೆಖೇಲೂ ನೀವು ನೋಡಿದ್ದು ಎಕ್ಸಿಟಾನ್ ಬೆಳಕೇ.

ಇಷ್ಟಾದ್ರೂ ಟೇಪಿಂದ ಕಿತ್ತ ಪದರ ನೂರು ಫೋಟಾನ್ ನುಂಗಿದ್ರೆ ಒಂದನ್ನೂ ನೆಟ್ಟಗೆ ವಾಪಸ್ ಕೊಡಲ್ಲ. ಗಂಧಕದ ಪರಮಾಣು ಬಿಟ್ಟುಹೋದ ತೂತುಗಳದ್ದೇ ತಪ್ಪು ಅಂತ ಎಲ್ರೂ ಬಯ್ತಿದ್ರು. 2015ರಲ್ಲಿ ಬರ್ಕ್ಲಿಯ ಅಲಿ ಜಾವೇ ತಂಡ ಒಂದು ಸೂಪರ್ ಆಸಿಡ್‌ನಲ್ಲಿ (ತೀರಾ ಪ್ರಬಲ ಆಮ್ಲ) ಅದ್ದಿ ತೆಗೆದು ನೂರಕ್ಕೆ 95ಕ್ಕೂ ಮೇಲೆ ವಾಪಸ್ ಬರೋಹಾಗೆ ಮಾಡ್ತು, ತೂತು ಮುಚ್ತು ಅಂದ್ಕೊಂಡ್ರು. 2019ರಲ್ಲಿ ಅದೇ ತಂಡ ಆಸಿಡ್ಡೇ ಮುಟ್ಟಿಸದೆ ಬರೀ ಗೇಟ್ ವೋಲ್ಟೇಜ್ (ಪದರದ ಪಕ್ಕದ ವಿದ್ಯುದ್ವಾರಕ್ಕೆ ಕೊಡೋ ವೋಲ್ಟೇಜ್) ಕೊಟ್ಟು ಹೆಚ್ಚುವರಿ ಎಲೆಕ್ಟ್ರಾನ್‌ಗಳನ್ನ ಓಡಿಸಿದಾಗ್ಲೂ ಬೆಳಕು ಹಾಗೇ ಏರ್ತು. ಅಂದ್ರೆ ಜೋಡಿ ಮಧ್ಯ ಮೂರನೆಯವನಾಗಿ ನುಗ್ಗೋ ಎಲೆಕ್ಟ್ರಾನ್ ದೊಡ್ಡ ಕಳ್ಳ, ತೂತುಗಳಿಗೆ ಬಯ್ದಿದ್ದು ಸ್ವಲ್ಪ ಅತಿಯಾಯ್ತು.

ಇನ್ನೊಂದ್ಮಾತು, ಕಣ್ಣಿಗೆ ಚೆನ್ನಾಗಿ ಕಾಣ್ಬೇಕಂದ್ರೆ ಟಂಗ್‌ಸ್ಟನ್ ಡೈಸಲ್ಫೈಡ್ ಕಿತ್ತು ನೋಡಿ, ನಿಮ್ಮದು 670 ನ್ಯಾನೋಮೀಟರ್ ಹತ್ರ ಬರುತ್ತೆ, ಅದು 620ರ ಹತ್ರ, ನಮ್ಮ ಕಣ್ಣಿಗೆ ಅಲ್ಲಿ ಎಷ್ಟೋ ವಾಸಿ. ಲೇಸರ್ ತಡೆಯೋ ಫಿಲ್ಟರ್ ಹಾಕೋದು ಮಾತ್ರ ಮರೀಬೇಡಿ.